ದಿಗ್ಬಂಧನ ನಿಂತದ್ದು ಪ್ರಯಾಣಿಕರ ಬಾಗಿಲಿಗೆ: ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್, 2020

2020ರ ಫೆಬ್ರವರಿ 3ರ ರಾತ್ರಿ ಡೈಮಂಡ್ ಪ್ರಿನ್ಸೆಸ್ ಹಡಗು ಯೊಕೊಹಾಮಾ ಬಂದರಿನ ಹೊರಗೆ ಲಂಗರು ಹಾಕಿದಾಗ ಅದರಲ್ಲಿ 3,711 ಜನರಿದ್ದರು: 2,666 ಪ್ರಯಾಣಿಕರು, 1,045 ಸಿಬ್ಬಂದಿ. ಕೊನೆಯ ಲೆಕ್ಕದಲ್ಲಿ ಅವರ ಪೈಕಿ 712 ಜನರಿಗೆ ಕೊರೊನಾ ತಗಲಿತ್ತು, ಕನಿಷ್ಠ 13 ಜನ ತೀರಿಕೊಂಡರು. ಈ ಪ್ರಕರಣವನ್ನು ಹೊಸ ವೈರಾಣುವಿನ ಮೊದಲ ದೊಡ್ಡ ಪ್ರಯೋಗಶಾಲೆ ಎಂಬಂತೆ ಓದಿದವರೇ ಹೆಚ್ಚು. ಹಡಗಿನ ನೈರ್ಮಲ್ಯ ನೋಡಿಕೊಳ್ಳುವವರು ಕೇಳುವ ಪ್ರಶ್ನೆಗಳು ಬೇರೆ. ಧಕ್ಕೆಯಲ್ಲಿ (ಹಡಗು ಕಟ್ಟುವ ಕಟ್ಟೆಯಲ್ಲಿ) ನಿಂತಿದ್ದಷ್ಟು ದಿನ ನೀರು ಎಲ್ಲಿಂದ ಬಂತು? ಊಟದ ತಟ್ಟೆ ಯಾರ ಕೈಯಿಂದ ಯಾರ ಬಾಗಿಲಿಗೆ ಹೋಯಿತು? ಮುಸುರೆ ಯಾವ ದಾರಿಯಲ್ಲಿ ವಾಪಸಾಯಿತು? ಅಡುಗೆಯವರು ರಾತ್ರಿ ಮಲಗಿದ್ದೆಲ್ಲಿ? ಈ ಬರಹ ಆ ಪ್ರಶ್ನೆಗಳ ಬೆನ್ನು ಹಿಡಿಯುತ್ತದೆ. ಪ್ರಯಾಣಿಕರ ಬಾಗಿಲು ಮುಚ್ಚಿಸಿದ ದಿಗ್ಬಂಧನ ಹಡಗಿನ ಒಳಗಿನ ಮನೆಗೆಲಸವನ್ನು ಮುಟ್ಟಲಿಲ್ಲ, ಸೋಂಕಿಗೆ ಅಲ್ಲಿ ಜಾಗ ಉಳಿಯಿತು ಎಂಬುದು ನಮ್ಮ ವಾದ.

ಹಡಗು, ಅದರ ದಾರಿ

ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ನಾಗಾಸಾಕಿಯಲ್ಲಿ ಕಟ್ಟಿದ ಈ ಹಡಗು 2004ರಲ್ಲಿ ಸೇವೆಗೆ ಬಂತು. 290 ಮೀಟರ್ ಉದ್ದ, 1,337 ಪ್ರಯಾಣಿಕರ ಕ್ಯಾಬಿನ್‌. ಧ್ವಜ ಬ್ರಿಟನ್ನಿನದು, ನಡೆಸುವ ಕಂಪನಿ ಅಮೆರಿಕದ್ದು, ನಿಂತ ಬಂದರು ಜಪಾನಿನದು. ಜನವರಿ 20ರಂದು ಯೊಕೊಹಾಮಾದಿಂದ ಹೊರಟು ಕಾಗೋಶಿಮಾ, ಹಾಂಗ್‌ಕಾಂಗ್, ವಿಯೆಟ್ನಾಂ, ತೈವಾನ್, ಒಕಿನಾವಾದ ನಾಹಾ ಸುತ್ತಿ ವಾಪಸು ಬರುವ ಪ್ರವಾಸ ಅದು. ಪ್ರಯಾಣಿಕರಲ್ಲಿ ಬಹುಪಾಲು 60 ದಾಟಿದವರು.

ಹಾಂಗ್‌ಕಾಂಗ್‌ನ 80 ವರ್ಷದ ಪ್ರಯಾಣಿಕರೊಬ್ಬರು ಯೊಕೊಹಾಮಾದಲ್ಲಿ ಹತ್ತುವ ಹಿಂದಿನ ದಿನದಿಂದಲೇ ಕೆಮ್ಮುತ್ತಿದ್ದರು. ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದುಹೋದರು. ಅವರಿಗೆ ಸೋಂಕು ಇರುವುದು ಖಚಿತವಾದದ್ದು ಫೆಬ್ರವರಿ 1ರಂದು. ಅದೇ ದಿನ ಹಡಗು ನಾಹಾದಲ್ಲಿತ್ತು, ಅಲ್ಲಿ ಕ್ವಾರಂಟೈನ್ ತಪಾಸಣೆ ಮುಗಿದು ಜನ ಇಳಿಯಲು ಅನುಮತಿಯೂ ಸಿಕ್ಕಿತ್ತು. ಆ ಅನುಮತಿ ಆಮೇಲೆ ರದ್ದಾಯಿತು. ಯೊಕೊಹಾಮಾ ತಲುಪುವಷ್ಟರಲ್ಲಿ ಆ ಪ್ರಯಾಣಿಕರು ಇಳಿದು ಒಂಬತ್ತು ದಿನ ಕಳೆದಿತ್ತು. ಆ ಒಂಬತ್ತು ದಿನ ಊಟದ ಹಾಲ್, ನಾಟಕಶಾಲೆ, ಬುಫೆ ಎಲ್ಲವೂ ಎಂದಿನಂತೆ ನಡೆದವು.

ಇಲ್ಲಿ ಒಂದು ಮಾತು. ಪ್ರವಾಸಿ ಹಡಗುಗಳಿಗೆ ರೋಗ ಹೊಸದಲ್ಲ, ನೊರೊವೈರಸ್‌ ಅವಕ್ಕೆ ಹಳೆಯ ಪರಿಚಯ. ಇದೇ ಹಡಗು 2016ರ ಫೆಬ್ರವರಿಯಲ್ಲಿ ಸಿಡ್ನಿಗೆ ಬಂದಾಗ ನೂರೈವತ್ತಕ್ಕೂ ಹೆಚ್ಚು ಜನರಿಗೆ ವಾಂತಿ, ಭೇದಿ ಆಗಿತ್ತು. ಅಂಥ ಸಂದರ್ಭಕ್ಕೆ ಎಲ್ಲ ಹಡಗಿನಲ್ಲೂ ಒಂದು ರೂಢಿ ಇದೆ: ಬುಫೆಯಲ್ಲಿ ಜನ ತಾವೇ ಸೌಟು ಹಿಡಿಯುವುದನ್ನು ನಿಲ್ಲಿಸಿ ಸಿಬ್ಬಂದಿಯಿಂದ ಬಡಿಸುವುದು, ಕೈಕಂಬಿ, ಲಿಫ್ಟ್ ಗುಂಡಿ, ಬಾಗಿಲ ಹಿಡಿಗಳನ್ನು ಕ್ಲೋರಿನ್ ದ್ರಾವಣದಿಂದ ಗಂಟೆಗೊಮ್ಮೆ ಒರೆಸುವುದು, ಕಾಯಿಲೆಯವರನ್ನು ಕ್ಯಾಬಿನ್‌ನಲ್ಲೇ ಇರಿಸುವುದು. ಈ ರೂಢಿ ಬಾಯಿ ಮತ್ತು ಕೈಯ ಮೂಲಕ ಹರಡುವ ರೋಗಕ್ಕೆ ಹೊಂದುತ್ತದೆ. ಉಸಿರಿನಿಂದ ಹರಡುವ, ಅದರಲ್ಲೂ ಲಕ್ಷಣವಿಲ್ಲದವರಿಂದ ಹರಡುವ ರೋಗಕ್ಕೆ ಸಾಲದು. ಅಷ್ಟೇ ಅಲ್ಲ, ಬಡಿಸುವ ಕೆಲಸ ಸಿಬ್ಬಂದಿಗೆ ವರ್ಗವಾದಾಗ ಸೋಂಕಿನ ಎದುರು ನಿಲ್ಲುವವರೂ ಅವರೇ ಆಗುತ್ತಾರೆ.

ಫೆಬ್ರವರಿ 5ರ ಬೆಳಿಗ್ಗೆ ಮೊದಲ 31 ಪರೀಕ್ಷೆಗಳ ಫಲಿತಾಂಶ ಬಂತು: ಹತ್ತು ಜನರಿಗೆ ಸೋಂಕು. ಅಂದಿನಿಂದ 14 ದಿನ ಪ್ರಯಾಣಿಕರು ಕ್ಯಾಬಿನ್ ಬಿಡುವಂತಿಲ್ಲ ಎಂಬ ಆದೇಶವಾಯಿತು. ಕಿಟಕಿಯಿಲ್ಲದ ಒಳಕ್ಯಾಬಿನ್‌ನವರನ್ನು ಮಾಸ್ಕ್ ಹಾಕಿಸಿ, ಸಣ್ಣ ಗುಂಪುಗಳಲ್ಲಿ, ಅಂತರ ಕಾಯ್ದುಕೊಂಡು ಸ್ವಲ್ಪ ಹೊತ್ತು ಡೆಕ್‌ಗೆ ಬಿಡುತ್ತಿದ್ದರು.

ನೀರಿಗಾಗಿ ಮತ್ತೆ ಸಮುದ್ರಕ್ಕೆ

ದಿಗ್ಬಂಧನ ಶುರುವಾದ ದಿನವೇ ಹಡಗು ಲಂಗರು ಎತ್ತಿ ಹೊರಸಮುದ್ರಕ್ಕೆ ಹೋಯಿತು. ಪತ್ರಿಕೆಗಳಿಗೆ ಇದು ವಿಚಿತ್ರವಾಗಿ ಕಂಡಿತು. ಸಿಹಿನೀರು ತಯಾರಿಕೆ, ಬ್ಯಾಲಸ್ಟ್ ನೀರಿನ (ಹಡಗಿನ ಸಮತೋಲಕ್ಕೆ ತುಂಬುವ ನೀರಿನ) ಕೆಲಸ ಮೊದಲಾದ ನಿತ್ಯದ ಕಾರ್ಯಗಳಿಗೆ ಎಂದು ಕಂಪನಿ ಹೇಳಿತು. ಮರುದಿನ ವಾಪಸು ಬಂದು ದೈಕೊಕು ಧಕ್ಕೆಗೆ ಕಟ್ಟಿಕೊಂಡಿತು, ಆಹಾರ ಸಾಮಗ್ರಿ ಏರಿತು. ಆಮೇಲೆಯೂ ಇದೇ ಕಾರಣಕ್ಕೆ ಹೊರಹೋಗಿ ಬಂದಿತು.

ಬಂದರಿನಲ್ಲಿ ನಿಂತ ಹಡಗಿನ ನೈರ್ಮಲ್ಯ ಅರ್ಥವಾಗಬೇಕಾದರೆ ಇದನ್ನು ಮೊದಲು ತಿಳಿಯಬೇಕು. ಪ್ರವಾಸಿ ಹಡಗಿನಲ್ಲಿ ಅಡುಗೆ, ಸ್ನಾನ, ಬಟ್ಟೆ ಒಗೆಯುವುದು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 250 ಲೀಟರ್ ಎಂದು ಹಿಡಿದರೆ 3,700 ಜನರಿಗೆ ಸುಮಾರು 900 ಟನ್ ಬೇಕು. ಜನ ಇಡೀ ದಿನ ಕ್ಯಾಬಿನ್‌ನಲ್ಲೇ ಇದ್ದರೆ ಅದು ಕಡಿಮೆಯಾಗುವ ಬಾಬತ್ತಲ್ಲ. ಈ ನೀರು ಬರುವುದು ಎರಡು ದಾರಿಯಿಂದ. ಒಂದು, ಆವಿಯಂತ್ರ: ಎಂಜಿನ್ ತಂಪುಮಾಡಿ ಬಿಸಿಯಾದ ನೀರಿನ ಶಾಖದಿಂದ ಸಮುದ್ರದ ನೀರನ್ನು ನಿರ್ವಾತದಲ್ಲಿ ಕುದಿಸುವುದು. ಇನ್ನೊಂದು, ರಿವರ್ಸ್ ಆಸ್ಮೋಸಿಸ್ ಪೊರೆಯ ಮೂಲಕ ಒತ್ತುವುದು. ಹಡಗು ನಿಂತಾಗ ಎಂಜಿನ್ ಹೊರೆ ಇಳಿಯುತ್ತದೆ, ಆವಿಯಂತ್ರಕ್ಕೆ ಶಾಖ ಸಾಲುವುದಿಲ್ಲ. ಬಂದರಿನ ಕೆಸರು, ಎಣ್ಣೆ ಪೊರೆಯನ್ನು ಮುಚ್ಚಿಹಾಕುತ್ತವೆ. ಇವೆರಡಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಿರ್ವಾತದಲ್ಲಿ ನೀರು 45ರಿಂದ 50 ಡಿಗ್ರಿಯಲ್ಲೇ ಕುದಿಯುತ್ತದೆ, ಆ ಬಿಸಿಗೆ ರೋಗಾಣು ಸಾಯುತ್ತವೆ ಎಂಬ ಖಾತರಿ ಇಲ್ಲ. ಒಳಚರಂಡಿ ಬಂದು ಸೇರುವ ಬಂದರಿನ ನೀರನ್ನು ಆವಿಯಂತ್ರಕ್ಕೆ ಎಳೆಯುವುದು ಅಪಾಯ. ಅದಕ್ಕೇ ದಡ ಬಿಟ್ಟು ದೂರ ಹೋಗಿ ನೀರು ಮಾಡಿಕೊಳ್ಳುವ ಪದ್ಧತಿ.

ಧಕ್ಕೆಯಿಂದ ನೀರು ತುಂಬಿಸಿಕೊಳ್ಳಬಹುದು. ಹಾಗೆ ಮಾಡುವಾಗ ತಪ್ಪುವುದು ಸಾಮಾನ್ಯವಾಗಿ ಹೋಸ್‌ನಲ್ಲಿ. ಕುಡಿಯುವ ನೀರಿನ ಹೋಸ್‌ಗೆ ಬೇರೆ ಗುರುತು, ಎರಡೂ ತುದಿಗೆ ಮುಚ್ಚಳ, ನೆಲಕ್ಕೆ ತಾಗದಂತೆ ಬೇರೆ ಕಪಾಟು ಇರಬೇಕು. ಜೋಡಿಸಿದ ಮೇಲೆ ಮೊದಲ ನೀರನ್ನು ಕೆಲವು ನಿಮಿಷ ಹೊರಗೆ ಬಿಡಬೇಕು, ಟ್ಯಾಂಕಿಗೆ ತಿರುಗಿಸುವ ಮುನ್ನ ಕ್ಲೋರಿನ್ ಅಳೆಯಬೇಕು. ಅಮೆರಿಕದ ಹಡಗು ನೈರ್ಮಲ್ಯ ಕಾರ್ಯಕ್ರಮದ ಮಾನದಂಡವನ್ನು ಹಲವು ಪ್ರವಾಸಿ ಹಡಗುಗಳು ಇಟ್ಟುಕೊಳ್ಳುತ್ತವೆ. ಅದರ ಪ್ರಕಾರ ತುಂಬಿಸುವಾಗ ಕನಿಷ್ಠ 2 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗ) ಕ್ಲೋರಿನ್, ಅತಿ ದೂರದ ನಲ್ಲಿಯಲ್ಲಿ 0.2 ಪಿಪಿಎಂಗೆ ಕಡಿಮೆ ಇರಬಾರದು, 5 ದಾಟಬಾರದು. 100 ಟನ್ ನೀರಿಗೆ 2 ಪಿಪಿಎಂ ಎಂದರೆ 200 ಗ್ರಾಂ ಕ್ಲೋರಿನ್, ಅಂದರೆ ಶೇ. 10ರ ಹೈಪೋಕ್ಲೋರೈಟ್ (ಕ್ಲೋರಿನ್ ದ್ರಾವಣ) ಎರಡು ಲೀಟರ್. ನೀರಿನಲ್ಲಿ ಕೊಳೆ ಇದ್ದರೆ ಅದು ಕ್ಲೋರಿನ್ ನುಂಗಿಬಿಡುತ್ತದೆ. ಹಾಗಾಗಿ ಲೆಕ್ಕ ಹಾಕಿ ಸುರಿದರೆ ಮುಗಿಯಲಿಲ್ಲ, ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಬೇಕು.

ಹೊರಹೋಗುವ ನೀರಿನದೂ ಇದೇ ಪಾಡು. ಹಡಗಿನ ನಿರ್ವಾತ ಶೌಚಾಲಯ ಒಂದು ಸಲಕ್ಕೆ ಒಂದು ಲೀಟರಿನ ಆಸುಪಾಸು ನೀರು ಬಳಸುತ್ತದೆ, ಮಲಜಲದ ಪ್ರಮಾಣ ಕಡಿಮೆಯೇ. ಆದರೆ ಸ್ನಾನ, ಅಡುಗೆಮನೆ, ಲಾಂಡ್ರಿಯ ಬೂದುನೀರು ಅದರ ಹಲವು ಪಟ್ಟು. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ನಾಲ್ಕನೇ ಅನುಬಂಧದಂತೆ ಪುಡಿಮಾಡಿ ಸೋಂಕು ತೆಗೆದ ಮಲಜಲವನ್ನು ದಡದಿಂದ 3 ನಾಟಿಕಲ್ ಮೈಲಿ ಆಚೆ, ಹಾಗೇ ಇಟ್ಟಿದ್ದನ್ನು 12 ಮೈಲಿ ಆಚೆ, ಹಡಗು 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲಿ) ವೇಗಕ್ಕೆ ಕಡಿಮೆಯಿಲ್ಲದೆ ಸಾಗುತ್ತಿರುವಾಗ ಬಿಡಬಹುದು. ಒಪ್ಪಿಗೆ ಪಡೆದ ಶುದ್ಧೀಕರಣ ಘಟಕದ ನೀರಿಗೆ ಈ ಅಂತರ ಅನ್ವಯಿಸದು, ಆದರೂ ಅದನ್ನೂ ಒಳಗೆ ಬಿಡಗೊಡದ ಬಂದರುಗಳು ಬಹಳ. ಬೂದುನೀರಿನ ಬಗ್ಗೆ ಆ ಒಪ್ಪಂದ ಏನೂ ಹೇಳುವುದಿಲ್ಲ, ಅದು ಸ್ಥಳೀಯ ಕಾಯ್ದೆಗೆ ಬಿಟ್ಟದ್ದು. ಒಟ್ಟಿನಲ್ಲಿ ಧಕ್ಕೆಯಲ್ಲಿ ನಿಂತ ಪ್ರತಿ ಗಂಟೆಯೂ ಒಂದು ಟ್ಯಾಂಕ್ ಖಾಲಿಯಾಗುತ್ತಿರುತ್ತದೆ, ಇನ್ನೊಂದು ತುಂಬುತ್ತಿರುತ್ತದೆ. ಇಂಥ ಹಡಗನ್ನು 14 ದಿನ ಒಂದೇ ಕಡೆ ಕಟ್ಟಿಹಾಕುವ ಯೋಜನೆ ಹಾಕುವವರು ಕ್ಯಾಬಿನ್ ಎಣಿಸುವ ಮೊದಲು ಈ ಟ್ಯಾಂಕುಗಳ ಅಳತೆ ಕೇಳಬೇಕು.

ಮೂರನೇ ಡೆಕ್

ಪ್ರಯಾಣಿಕರ ಓಡಾಟ ನಿಂತಾಗ ಸಿಬ್ಬಂದಿಯ ಓಡಾಟ ಹೆಚ್ಚಾಯಿತು. ಮೊದಲು ಊಟದ ಹಾಲ್‌ಗೆ ಜನ ಬರುತ್ತಿದ್ದರು, ಈಗ ಊಟ 1,337 ಬಾಗಿಲುಗಳಿಗೆ ಹೋಗಬೇಕು. ದಿನಕ್ಕೆ ಮೂರು ಹೊತ್ತು. ಬೇಯಿಸುವವರು, ತಟ್ಟೆಗೆ ಹಾಕುವವರು, ಒಯ್ಯುವವರು, ಮುಸುರೆ ತೊಳೆಯುವವರು ಎಲ್ಲರೂ ಕೆಲಸದಲ್ಲೇ ಇದ್ದರು. ಕೆಲಸ ಮುಗಿಸಿ ಹೋಗುತ್ತಿದ್ದದ್ದು ಕೆಳಗಿನ ಡೆಕ್‌ಗಳ ಹಂಚಿಕೊಂಡ ಕ್ಯಾಬಿನ್‌ಗೆ. ಉಣ್ಣುತ್ತಿದ್ದದ್ದು ಸಿಬ್ಬಂದಿ ಮೆಸ್‌ನಲ್ಲಿ, ಒಟ್ಟಿಗೆ.

ಫೆಬ್ರವರಿ 9ರ ಹೊತ್ತಿಗೆ 20 ಸಿಬ್ಬಂದಿಗೆ ಸೋಂಕು ಖಚಿತವಾಗಿತ್ತು. ಅವರಲ್ಲಿ 15 ಜನ ಆಹಾರ ವಿಭಾಗದವರು, ಪ್ರಯಾಣಿಕರಿಗೂ ಉಳಿದ ಸಿಬ್ಬಂದಿಗೂ ಊಟ ಸಿದ್ಧಮಾಡುವವರು. 20ರಲ್ಲಿ 16 ಜನರ ಕ್ಯಾಬಿನ್ ಇದ್ದದ್ದು ಮೂರನೇ ಡೆಕ್‌ನಲ್ಲಿ, ಅಡುಗೆಯವರೂ ಬಡಿಸುವವರೂ ಇರುವ ಡೆಕ್‌ನಲ್ಲಿ. ಆಗ ಪರೀಕ್ಷೆ ಆಗುತ್ತಿದ್ದದ್ದು ಮುಖ್ಯವಾಗಿ ಜ್ವರ, ಕೆಮ್ಮು ಇದ್ದವರಿಗೆ. ಲಕ್ಷಣವಿಲ್ಲದವರು ಎಷ್ಟು ಜನ ಮೆಸ್‌ನಲ್ಲಿ ಕುಳಿತಿದ್ದರು ಎಂಬುದು ಈ 20ರೊಳಗೆ ಇಲ್ಲ. ಇಡೀ ಹಡಗಿನ ಪರೀಕ್ಷೆ ಮುಗಿದಾಗ ಸೋಂಕಿತರಲ್ಲಿ ಸುಮಾರು ಶೇ. 46 ಜನರಿಗೆ ಪರೀಕ್ಷೆಯ ವೇಳೆ ಯಾವ ಲಕ್ಷಣವೂ ಇರಲಿಲ್ಲ ಎಂಬುದು ಗೊತ್ತಾಯಿತು.

ಒಟ್ಟು ಲೆಕ್ಕದಲ್ಲಿ ಸೋಂಕಿತ ಪ್ರಯಾಣಿಕರು 567, ಸಿಬ್ಬಂದಿ 145. ಪ್ರಯಾಣಿಕರಲ್ಲಿ ಐದಕ್ಕೆ ಒಬ್ಬರು, ಸಿಬ್ಬಂದಿಯಲ್ಲಿ ಏಳಕ್ಕೆ ಒಬ್ಬರು. ಇದನ್ನೇ ಹಿಡಿದು ಸಿಬ್ಬಂದಿ ಸುರಕ್ಷಿತರಾಗಿದ್ದರು ಎನ್ನುವುದು ಸರಿಯಲ್ಲ. ಜಪಾನಿನ ರಾಷ್ಟ್ರೀಯ ಸಾಂಕ್ರಾಮಿಕ ರೋಗ ಸಂಸ್ಥೆ ಲಕ್ಷಣ ಕಾಣಿಸಿದ ದಿನಗಳನ್ನು ಜೋಡಿಸಿ ನೋಡಿತು. ಪ್ರಯಾಣಿಕರಲ್ಲಿ ಹರಡುವಿಕೆಯ ಬಹುಭಾಗ ಫೆಬ್ರವರಿ 5ರ ಮೊದಲೇ ಆಗಿಹೋಗಿತ್ತು. ಆಮೇಲಿನ ಹರಡುವಿಕೆ ಹೆಚ್ಚಾಗಿ ಎರಡು ಕಡೆ ಕಂಡಿತು: ಒಂದೇ ಕ್ಯಾಬಿನ್‌ನಲ್ಲಿದ್ದ ಪ್ರಯಾಣಿಕರ ನಡುವೆ, ಮತ್ತು ಸಿಬ್ಬಂದಿಯ ನಡುವೆ. ದಿಗ್ಬಂಧನ ಕೆಲಸ ಮಾಡಿತು, ಎಲ್ಲಿ ಹೇರಲಾಗಿತ್ತೋ ಅಲ್ಲಿ ಮಾತ್ರ.

ಸಿಬ್ಬಂದಿಯನ್ನೂ ಯಾಕೆ ಬೇರೆಬೇರೆ ಇರಿಸಲಿಲ್ಲ? ಜಾಗ ಇರಲಿಲ್ಲ, ಬದಲಿ ಜನರೂ ಇರಲಿಲ್ಲ. ಕಡಲ ಕಾರ್ಮಿಕರ 2006ರ ಒಪ್ಪಂದ ಪ್ರವಾಸಿ ಹಡಗಿನಲ್ಲಿ ಸಾಮಾನ್ಯ ಸಿಬ್ಬಂದಿಗೆ ಇಷ್ಟು ನೆಲ ಇರಬೇಕು ಎನ್ನುತ್ತದೆ: ಇಬ್ಬರ ಕೋಣೆಗೆ 7.5 ಚದರ ಮೀಟರ್, ಮೂವರಿಗೆ 11.5, ನಾಲ್ವರಿಗೆ 14.5. ಸ್ವಂತ ಬಚ್ಚಲಿಲ್ಲದವರಲ್ಲಿ ಆರು ಜನರಿಗೆ ಒಂದು ಶೌಚಾಲಯ, ಒಂದು ಬೇಸಿನ್, ಒಂದು ಷವರ್. ಇದು ಹೊಸ ಹಡಗುಗಳಿಗೆ ಹಾಕಿದ ಕನಿಷ್ಠ ಮಟ್ಟ, 2004ರ ಹಡಗು ಅದಕ್ಕೂ ಹಿಂದಿನದು. ಎರಡು ಅಂತಸ್ತಿನ ಬಂಕ್‌ನಲ್ಲಿ ಮೇಲೆ ಮಲಗಿದವರ ಮತ್ತು ಕೆಳಗೆ ಮಲಗಿದವರ ಮುಖದ ನಡುವೆ ಒಂದು ಮೀಟರ್ ಇದ್ದರೆ ಹೆಚ್ಚು. ಪಾಳಿ ಬೇರೆಯಾದರೆ ಒಬ್ಬ ಕೆಲಸದಲ್ಲಿರುವಾಗ ಇನ್ನೊಬ್ಬ ಮಲಗುತ್ತಾನೆ, ಕೋಣೆಯ ಗಾಳಿಗೆ ಬಿಡುವೇ ಸಿಗುವುದಿಲ್ಲ.

ಆ ಹಡಗಿನಲ್ಲಿ 138 ಭಾರತೀಯರಿದ್ದರು, ಅವರಲ್ಲಿ 132 ಜನ ಸಿಬ್ಬಂದಿ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಪ್ರವಾಸಿ ಹಡಗುಗಳ ಅಡುಗೆ ಮತ್ತು ಹೌಸ್‌ಕೀಪಿಂಗ್‌ಗೆ ಹೋಗುವವರು ಬಹಳ ಇರುವುದರಿಂದ ಈ ಕೆಳಡೆಕ್‌ನ ವಿವರ ನಮ್ಮ ಕರಾವಳಿಯ ಅನೇಕ ಮನೆಗಳಿಗೆ ಗೊತ್ತಿರುವಂಥದೇ. ಸೋಂಕು ತಗಲದ 119 ಭಾರತೀಯರನ್ನು ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನ ದೆಹಲಿಗೆ ತಂದಿತು. ಅಲ್ಲಿಂದ ಮಾನೇಸರದ ಸೇನಾ ಕೇಂದ್ರದಲ್ಲಿ ಮತ್ತೆ 14 ದಿನ. ಹಡಗಿನಲ್ಲಿ ಕಳೆದ ದಿನಗಳನ್ನು ದಿಗ್ಬಂಧನ ಎಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಸರಿಯೇ ಆಗಿತ್ತು.

ತಟ್ಟೆಯ ದಾರಿ

ಬಾಗಿಲಿಗೆ ಊಟ ಒಯ್ಯುವುದರಲ್ಲಿ ಎರಡು ಬೇರೆ ಅಪಾಯಗಳು ಒಂದರೊಳಗೊಂದು ಸೇರಿವೆ. ಮೊದಲನೆಯದು ಊಟದ್ದೇ. ಬಿಸಿ ಅಡುಗೆ 57 ಡಿಗ್ರಿಗೆ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗೆ ಕೆಳಗೆ. ನಡುವಿನ ಶಾಖದಲ್ಲಿ ರೋಗಾಣು ಬೆಳೆಯುತ್ತವೆ. ಗ್ಯಾಲಿಯಿಂದ (ಹಡಗಿನ ಅಡುಗೆಮನೆಯಿಂದ) ಕೊನೆಯ ಬಾಗಿಲಿಗೆ ತಟ್ಟೆ ತಲುಪಲು ಎರಡು ಗಂಟೆ ಹಿಡಿದರೆ, ಆಮೇಲೆ ಮುದುಕರೊಬ್ಬರು ಅರ್ಧ ತಿಂದು ಉಳಿದದ್ದನ್ನು ಸಂಜೆಗೆ ಎತ್ತಿಟ್ಟರೆ, ಕೊರೊನಾ ನಡುವೆ ಹೊಟ್ಟೆಕಾಯಿಲೆಯೂ ಶುರುವಾಗುತ್ತದೆ. ಹಾಗಾಗಿ ಇಂಥ ವೇಳೆ ಊಟದ ಪಟ್ಟಿ ಚಿಕ್ಕದಿರಬೇಕು. ಬೇಯಿಸಿದ ತಕ್ಷಣ ಹಂಚುವಂಥದ್ದು, ಹಸಿ ಮೊಟ್ಟೆ, ಹಸಿ ಮೀನು, ಕೆನೆ ಇಲ್ಲದ್ದು. ಹಂಚುವುದನ್ನು ಡೆಕ್ ಪ್ರಕಾರ ತುಂಡು ಮಾಡಿ, ಪ್ರತಿ ತುಂಡಿಗೂ ಬೇಯಿಸುವ ಸಮಯ ಬೇರೆ ಇಡಬೇಕು. ಎಲ್ಲರಿಗೂ ಒಂದೇ ಸಲ ಬೇಯಿಸಿ ಸಾಲಾಗಿ ಹಂಚುವುದು ಅಡುಗೆಯವರಿಗೆ ಸುಲಭ, ಆದರೆ ಕೊನೆಯ ನೂರು ಬಾಗಿಲಿಗೆ ಆರಿದ ಊಟ.

ಎರಡನೆಯದು ಕೈ. ಕೈಗವಸು ಹಾಕಿದವರಿಗೆ ತಮ್ಮ ಕೈ ಸ್ವಚ್ಛ ಎಂಬ ಭಾವನೆ ಬರುತ್ತದೆ. ಒಂದೇ ಜೊತೆ ಗವಸಿನಲ್ಲಿ ಐವತ್ತು ಬಾಗಿಲು ತಟ್ಟಿದರೆ ಅದು ಐವತ್ತು ಕ್ಯಾಬಿನ್‌ಗಳನ್ನು ಜೋಡಿಸುವ ಕೆಲಸ. ಸರಿಯಾದ ಕ್ರಮ ಬೇಸರದ್ದು, ಆದರೆ ಬೇರೆ ದಾರಿ ಇಲ್ಲ. ತಟ್ಟೆಯನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಡಬೇಕು, ತಟ್ಟಿ ಎರಡು ಮೀಟರ್ ಹಿಂದೆ ಸರಿಯಬೇಕು, ಬಾಗಿಲು ಮುಚ್ಚಿದ ಮೇಲೆ ಮುಂದೆ ಹೋಗಬೇಕು, ಪ್ರತಿ ಬಾಗಿಲಿಗೂ ಕೈಗೆ ಆಲ್ಕೊಹಾಲ್ ಹಚ್ಚಬೇಕು. ಎದುರುಬದುರು ಬಾಗಿಲುಗಳು ಒಟ್ಟಿಗೆ ತೆರೆಯಬಾರದು. ಕಿರಿದಾದ ಓಣಿಯಲ್ಲಿ ಹಾಗೆ ತೆರೆದರೆ ಎರಡು ಕೋಣೆಗಳ ಗಾಳಿ ಒಂದಾಗುತ್ತದೆ.

ಮುಸುರೆ ವಾಪಸು ಬರುವುದು ಇದಕ್ಕಿಂತ ಕಷ್ಟ. ಅದನ್ನು ಎತ್ತುವವರು ಊಟ ಒಯ್ಯುವವರಾಗಿರಬಾರದು. ಎರಡಕ್ಕೂ ಒಂದೇ ಟ್ರಾಲಿ, ಒಂದೇ ಲಿಫ್ಟ್ ಆಗಬಾರದು. ಒಂದೇ ಲಿಫ್ಟ್ ಇದ್ದರೆ ಹೊತ್ತು ಬೇರೆ ಮಾಡಿ, ನಡುವೆ ಒರೆಸಬೇಕು. ಪಾತ್ರೆ ತೊಳೆಯುವ ಯಂತ್ರದ ಕೊನೆಯ ಜಾಲಾಟ 82 ಡಿಗ್ರಿ ಮುಟ್ಟಿದರೆ ಪಾತ್ರೆಯ ಚಿಂತೆ ಇಲ್ಲ. ಚಿಂತೆ ಇರುವುದು ಎಂಜಲನ್ನು ಕೆರೆದು ಹಾಕುವ ಜಾಗದಲ್ಲಿ, ಅಲ್ಲಿ ನಿಂತವನ ಮುಖಕ್ಕೆ ಹಾರುವ ಹನಿಯಲ್ಲಿ. ಬಳಸಿ ಎಸೆಯುವ ತಟ್ಟೆಗೆ ಹೋದರೆ ಈ ಜಾಗ ಖಾಲಿಯಾಗುತ್ತದೆ, ಆದರೆ ಧಕ್ಕೆಯಲ್ಲಿ ದಹನಯಂತ್ರ ಉರಿಸಲು ಅನೇಕ ಬಂದರುಗಳು ಬಿಡವು. ಆಗ ಚೀಲಗಳ ರಾಶಿ ಏಳುತ್ತದೆ. ಸೋಂಕಿತರ ಕೋಣೆಯ ಕಸವನ್ನು ಎರಡು ಚೀಲದಲ್ಲಿ ಕಟ್ಟಿ ಆಸ್ಪತ್ರೆ ಕಸವಾಗಿ ದಡಕ್ಕೆ ಒಪ್ಪಿಸಬೇಕು, ಅದನ್ನು ಎತ್ತುವ ಗುತ್ತಿಗೆದಾರ ದಡದಲ್ಲಿ ಮೊದಲೇ ಇರಬೇಕು.

ಪ್ರಯಾಣಿಕರ ಕ್ಯಾಬಿನ್ ಗುಡಿಸುವುದು ನಿಂತಿತು. ಟವೆಲ್, ಹಾಸಿಗೆ ಬಟ್ಟೆಯನ್ನು ಬಾಗಿಲಿಗೆ ಕೊಟ್ಟರು, ಉಳಿದ ಸ್ವಚ್ಛತೆ ಒಳಗಿದ್ದವರ ಪಾಲಿಗೆ ಬಂತು. ಎಪ್ಪತ್ತು ದಾಟಿದವರು ತಮ್ಮ ಬಚ್ಚಲನ್ನು ತಾವೇ ಒರೆಸಿಕೊಂಡರು. ಅವರ ನಿತ್ಯದ ಔಷಧ ಮುಗಿಯುತ್ತ ಬಂದದ್ದು ಅದಕ್ಕಿಂತ ದೊಡ್ಡ ಸಂಕಟ. ಹತ್ತಾರು ದೇಶಗಳ ಬ್ರಾಂಡ್ ಹೆಸರಿನ ಗುಳಿಗೆಗಳನ್ನು ಜಪಾನಿನ ಔಷಧಗಳಿಗೆ ಹೊಂದಿಸಿ, ಸರಿಯಾದ ಬಾಗಿಲಿಗೆ ತಲುಪಿಸುವ ಕೆಲಸ ಮೊದಲ ದಿನಗಳಲ್ಲಿ ವೈದ್ಯಕೀಯ ತಂಡಗಳ ಹೊತ್ತನ್ನು ನುಂಗಿತು.

ಸ್ವಚ್ಛ ದಾರಿ, ಮಲಿನ ದಾರಿ

ಹಡಗಿಗೆ ಹೊರಗಿನಿಂದ ಬಂದವರಿಗೂ ಸೋಂಕು ತಗಲಿತು. ಮೊದಲ ಎರಡು ದಿನ ಪ್ರಶ್ನಾವಳಿ ಸಂಗ್ರಹಿಸಲು ಹತ್ತಿದ್ದ ಕ್ವಾರಂಟೈನ್ ಅಧಿಕಾರಿಯೊಬ್ಬರಿಗೆ ಸೋಂಕು ಬಂದದ್ದು ಫೆಬ್ರವರಿ 12ರಂದು ಬಹಿರಂಗವಾಯಿತು. ಫೆಬ್ರವರಿ 18ರಂದು ಕೋಬೆ ವಿಶ್ವವಿದ್ಯಾಲಯದ ಸಾಂಕ್ರಾಮಿಕ ರೋಗ ತಜ್ಞ ಕೆಂತಾರೊ ಇವಾತಾ ಹಡಗು ಹತ್ತಿ, ಅದೇ ದಿನ ಇಳಿಯಬೇಕಾಗಿ ಬಂತು. ಒಳಗೆ ಸೋಂಕಿನ ಕೆಂಪು ವಲಯ ಯಾವುದು, ಸೋಂಕಿಲ್ಲದ ಹಸಿರು ವಲಯ ಯಾವುದು ಎಂಬ ಗೆರೆಯೇ ಇಲ್ಲ ಎಂದು ವಿಡಿಯೋದಲ್ಲಿ ಹೇಳಿದರು. ಗೆರೆ ಇದೆ ಎಂದು ತೋರಿಸಲು ಆರೋಗ್ಯ ಇಲಾಖೆಯ ಉಪಮಂತ್ರಿ ಗಾಕು ಹಾಶಿಮೊತೊ ಒಂದು ಫೋಟೋ ಹಾಕಿದರು. ಅಕ್ಕಪಕ್ಕದ ಎರಡು ಬಾಗಿಲು, ಒಂದರ ಮೇಲೆ ‘ಸ್ವಚ್ಛ ದಾರಿ’, ಇನ್ನೊಂದರ ಮೇಲೆ ‘ಮಲಿನ ದಾರಿ’. ಎರಡೂ ದಾರಿ ತೆರೆದುಕೊಳ್ಳುತ್ತಿದ್ದದ್ದು ಒಂದೇ ಜಾಗಕ್ಕೆ. ಫೋಟೋ ಬೇಗನೆ ಮಾಯವಾಯಿತು.

ಆ ಚಿತ್ರವನ್ನು ನೋಡಿ ನಗುವುದು ಸುಲಭ. ಆದರೆ ಹಡಗಿನಲ್ಲಿ ಗೆರೆ ಎಳೆಯುವುದು ನಿಜಕ್ಕೂ ಕಷ್ಟ. ಗ್ಯಾಂಗ್‌ವೇ, ಅಂದರೆ ಹತ್ತಿ ಇಳಿಯುವ ದಾರಿ, ಒಂದೋ ಎರಡೋ. ಬೆಂಕಿಬಾಗಿಲು, ನೀರುಬಿಗಿ ಬಾಗಿಲುಗಳ ಜಾಗವನ್ನು ಬದಲಿಸಲು ಆಗದು. ಸಿಬ್ಬಂದಿ ಓಡಾಡುವ ಉದ್ದನೆಯ ಕೆಳಗಿನ ಓಣಿಗೇ ಅಡುಗೆ, ಲಾಂಡ್ರಿ, ಉಗ್ರಾಣ, ಕಸದ ಕೋಣೆ ಎಲ್ಲ ತೆರೆದುಕೊಳ್ಳುತ್ತವೆ. ಸಾಧ್ಯವಿರುವ ಉಪಾಯ ಏಕಮುಖ ಸಂಚಾರ. ಹತ್ತುವ ಗ್ಯಾಂಗ್‌ವೇ ಒಂದು, ಇಳಿಯುವುದು ಇನ್ನೊಂದು. ರಕ್ಷಾ ಉಡುಪು ಹಾಕುವ ಕೋಣೆ ಹತ್ತುವ ಕಡೆ, ಬಿಚ್ಚುವುದು ಇಳಿಯುವ ಕಡೆ, ಸಾಧ್ಯವಾದರೆ ಧಕ್ಕೆಯ ಮೇಲೆ ಹಾಕಿದ ಡೇರೆಯಲ್ಲಿ. ಸೋಂಕು ತಗಲುವುದು ಹೆಚ್ಚಾಗಿ ಬಿಚ್ಚುವಾಗ. ಹಡಗಿನ ಒಳಗೇ ಉಂಡು, ವಿಶ್ರಾಂತಿ ಪಡೆದು, ಸಭೆ ನಡೆಸುವ ವೈದ್ಯಕೀಯ ತಂಡಕ್ಕೆ ಮಾಸ್ಕ್ ತೆಗೆಯಲು ಸುರಕ್ಷಿತ ಜಾಗ ಯಾವುದು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದಡ ಒಂದೇ.

ತಲೆದಿಂಬು, ಬಚ್ಚಲ ನೆಲ, ಗಾಳಿ

ಎಲ್ಲರೂ ಇಳಿಯುತ್ತ ಬಂದಾಗ, ಸೋಂಕು ತೆಗೆಯುವ ಮೊದಲು, ತನಿಖಾ ತಂಡ ಹಡಗಿನ ನಾನಾ ಕಡೆಯಿಂದ 601 ಮಾದರಿ ತೆಗೆಯಿತು. 58ರಲ್ಲಿ ವೈರಾಣುವಿನ ತಳಿವಸ್ತುವಾದ ಆರ್‌ಎನ್‌ಎ ಸಿಕ್ಕಿತು. ಅತಿ ಹೆಚ್ಚು ಸಿಕ್ಕಿದ್ದು ಸೋಂಕಿತರ ಕ್ಯಾಬಿನ್‌ನ ಶೌಚಾಲಯದ ಸುತ್ತಲಿನ ನೆಲದಲ್ಲಿ, ಶೇ. 39ರಷ್ಟು ಮಾದರಿಗಳಲ್ಲಿ. ಆಮೇಲೆ ತಲೆದಿಂಬಿನಲ್ಲಿ, ಶೇ. 34. ಜನ ಬಿಟ್ಟುಹೋಗಿ 17 ದಿನವಾದ ಕ್ಯಾಬಿನ್‌ನಲ್ಲೂ ಕುರುಹು ಇತ್ತು. ಇಲ್ಲಿ ಸುದ್ದಿಮನೆಗಳು ಎಡವಿದವು. ವೈರಾಣು 17 ದಿನ ಬದುಕುತ್ತದೆ ಎಂದು ಬರೆದವರಿದ್ದಾರೆ. ಸಿಕ್ಕಿದ್ದು ಆರ್‌ಎನ್‌ಎ ಚೂರು, ಯಾವ ಮಾದರಿಯಲ್ಲೂ ಜೀವಂತ ವೈರಾಣು ಬೆಳೆಯಲಿಲ್ಲ.

ಬಚ್ಚಲ ನೆಲ ಯಾಕೆ ಮೊದಲ ಸ್ಥಾನದಲ್ಲಿತ್ತು? ಮಲದಲ್ಲಿ ಹೋಗುವ ವೈರಾಣು ಒಂದು ಕಾರಣ ಇರಬಹುದು. ಕ್ಯಾಬಿನ್‌ನ ಗಾಳಿ ಸಾಮಾನ್ಯವಾಗಿ ಹೊರಹೋಗುವುದು ಬಚ್ಚಲ ಚಾವಣಿಯ ಜಾಲರಿಯಿಂದ. ಇಡೀ ಕೋಣೆಯ ಉಸಿರು ಆ ಚಿಕ್ಕ ಜಾಗದ ಮೂಲಕವೇ ಸಾಗುತ್ತದೆ. ಜೊತೆಗೆ, ಗುಡಿಸುವವರು ಬರದ ಎರಡು ವಾರದಲ್ಲಿ ಯಾರೂ ಒರೆಸದೆ ಬಿಡುವ ಜಾಗವೂ ಅದೇ.

ಗಾಳಿಯ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಸೂಕ್ಷ್ಮ ಹನಿಗಳೇ ಹರಡುವಿಕೆಯ ಬಹುಪಾಲಿಗೆ ಕಾರಣ ಎಂದು ಒಂದು ಗಣಿತ ಮಾದರಿ ತೋರಿಸಿತು. ಕೇಂದ್ರ ಹವಾನಿಯಂತ್ರಣದ ಕೊಳವೆಯಿಂದ ಕ್ಯಾಬಿನ್‌ನಿಂದ ಕ್ಯಾಬಿನ್‌ಗೆ ಹರಡಿದ ಲಕ್ಷಣವಿಲ್ಲ ಎಂದು ಇನ್ನೊಂದು ಅಧ್ಯಯನ ಹೇಳಿತು. ಇವೆರಡೂ ಒಟ್ಟಿಗೆ ನಿಜವಾಗಬಹುದು. ದಿಗ್ಬಂಧನಕ್ಕೆ ಮೊದಲು ನಾಟಕಶಾಲೆಯಲ್ಲಿ, ಬಾರಿನಲ್ಲಿ ಜನ ಹಂಚಿಕೊಂಡ ಗಾಳಿ ಬೇರೆ, ಆಮೇಲೆ ಮುಚ್ಚಿದ ಕ್ಯಾಬಿನ್‌ನ ಗಾಳಿ ಬೇರೆ. ಪ್ರಯಾಣಿಕರು ಹೆದರಿದ್ದು ಎರಡನೆಯದಕ್ಕೆ.

ಒರೆಸುವ ಲೆಕ್ಕ ಸರಳ. ಶೇ. 5ರ ಹೈಪೋಕ್ಲೋರೈಟ್ 20 ಮಿ.ಲೀ.ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ ಶೇ. 0.1, ಅಂದರೆ 1,000 ಪಿಪಿಎಂ. ಮೊದಲು ಸೋಪಿನಿಂದ ಕೊಳೆ ತೆಗೆದು, ಆಮೇಲೆ ಇದನ್ನು ಹಚ್ಚಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಹಚ್ಚಿ ತಕ್ಷಣ ಒಣಬಟ್ಟೆಯಿಂದ ಉಜ್ಜುವುದು ಹೌಸ್‌ಕೀಪಿಂಗ್‌ನವರ ಕೈಗೆ ಅಂಟಿದ ಚಾಳಿ. ಹೊಳಪು ಬರುತ್ತದೆ, ಸೋಂಕು ಉಳಿಯುತ್ತದೆ. ಬೆಳಿಗ್ಗೆ ಕಲಸಿದ ದ್ರಾವಣ ಮರುದಿನಕ್ಕೆ ಬರುವುದಿಲ್ಲ. ಲೋಹಕ್ಕೆ ತುಕ್ಕು ಹಿಡಿಸುವುದರಿಂದ ಫೋನ್, ರಿಮೋಟ್, ವಿದ್ಯುತ್ ಗುಂಡಿಗೆ ಶೇ. 70ರ ಆಲ್ಕೊಹಾಲ್.

ಇಳಿಸಿದ್ದರೆ?

ಫೆಬ್ರವರಿ 3ರಂದೇ ಎಲ್ಲರನ್ನೂ ಇಳಿಸಿದ್ದರೆ ಸೋಂಕಿತರು 76ರ ಆಸುಪಾಸು ಇರುತ್ತಿದ್ದರು, ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ 2,900 ದಾಟುತ್ತಿದ್ದರು ಎಂದು ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದ ಸಂಶೋಧಕರ ಮಾದರಿಯೊಂದು ಲೆಕ್ಕ ಹಾಕಿತು. ಮಾದರಿಯ ಸಂಖ್ಯೆಗಳನ್ನು ಅಕ್ಷರಶಃ ಹಿಡಿಯಬೇಕಿಲ್ಲ. ದಿಗ್ಬಂಧನ ನಿರುಪಯೋಗಿ ಎನ್ನುವವರಿಗೂ ಅದೇ ಸರಿ ಎನ್ನುವವರಿಗೂ ಅದು ಸಾಕ್ಷಿ ಕೊಡುವುದಿಲ್ಲ ಎಂಬುದನ್ನು ಗಮನಿಸಿದರೆ ಸಾಕು. 3,700 ಜನರನ್ನು ಒಬ್ಬೊಬ್ಬರಾಗಿ ಇರಿಸುವ ಜಾಗ ದಡದಲ್ಲಿ ಆಗ ಸಿದ್ಧವಿರಲಿಲ್ಲ. ಆದರೆ ಎಲ್ಲರನ್ನೂ ಅಥವಾ ಯಾರನ್ನೂ ಎಂಬ ಎರಡೇ ಆಯ್ಕೆ ಇದ್ದಿರಲಿಲ್ಲ. ಸಿಬ್ಬಂದಿಯನ್ನು ಪಾಳಿಯ ಪ್ರಕಾರ ತಂಡಗಳಾಗಿ ಒಡೆದು, ಒಂದು ತಂಡ ಇನ್ನೊಂದರ ಜೊತೆ ಉಣ್ಣದಂತೆ, ಮಲಗದಂತೆ ಮಾಡಬಹುದಿತ್ತು. ಊಟವನ್ನು ದಡದಿಂದ ಡಬ್ಬಿಯಲ್ಲಿ ತರಿಸಿ ಗ್ಯಾಲಿಯ ಅರ್ಧ ಜನರನ್ನು ಕೆಲಸದಿಂದ ಬಿಡಿಸಬಹುದಿತ್ತು. ಸೋಂಕಿತರು ಆಸ್ಪತ್ರೆಗೆ ಹೋಗಿ ಖಾಲಿಯಾದ ಪ್ರಯಾಣಿಕರ ಕ್ಯಾಬಿನ್‌ಗಳನ್ನು ತೊಳೆದು ಸಿಬ್ಬಂದಿಗೆ ಒಬ್ಬೊಬ್ಬರಿಗೆ ಕೊಡಬಹುದಿತ್ತು. ಕೊನೆಯದಕ್ಕೆ ಹಣವೂ ಬೇಕಿರಲಿಲ್ಲ.

ಅಧಿಕಾರದ ಗೋಜಲೂ ಇದಕ್ಕೆ ಸೇರಿತು. ಸಮುದ್ರದಲ್ಲಿದ್ದಾಗ ಕಾನೂನು ಧ್ವಜದ ದೇಶದ್ದು, ಜಪಾನ್ ಆದೇಶಿಸಬಹುದಾದದ್ದು ತನ್ನ ಜಲಗಡಿಯೊಳಗೆ ಬಂದ ಮೇಲೆ. ದಿಗ್ಬಂಧನ ಹೇರಿದ್ದು ಜಪಾನ್, ಸಿಬ್ಬಂದಿಯ ಪಾಳಿ ಮತ್ತು ಮೆಸ್ ನಿರ್ಧರಿಸುವುದು ಕಂಪನಿ. ಮೂರನೇ ಡೆಕ್ ಈ ಎರಡರ ನಡುವೆ ಉಳಿಯಿತು.

ಪತ್ರದಲ್ಲಿ ಕಾಣದ್ದು

2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು 2007ರಲ್ಲಿ ಜಾರಿಗೆ ಬಂದಾಗ ಹಳೆಯ ಇಲಿ ನಿರ್ಮೂಲನ ಪ್ರಮಾಣಪತ್ರದ ಜಾಗಕ್ಕೆ ಹಡಗು ನೈರ್ಮಲ್ಯ ಪ್ರಮಾಣಪತ್ರ ಬಂತು. ಆರು ತಿಂಗಳ ಅವಧಿ, ತಪಾಸಣೆ ಸಾಧ್ಯವಾಗದಿದ್ದರೆ ಒಂದು ತಿಂಗಳ ವಿಸ್ತರಣೆ. ಗ್ಯಾಲಿ, ಉಗ್ರಾಣ, ಕುಡಿಯುವ ನೀರು, ಮಲಜಲ, ಬ್ಯಾಲಸ್ಟ್, ಕಸ, ನಿಂತ ನೀರು, ವೈದ್ಯಕೀಯ ಕೋಣೆ ಎಲ್ಲವೂ ತಪಾಸಣೆಯ ಪಟ್ಟಿಯಲ್ಲಿವೆ. ಸಿಬ್ಬಂದಿ ವಸತಿಯೂ ಇದೆ. ಆದರೆ ಅಲ್ಲಿ ಹುಡುಕುವುದು ತಿಗಣೆ, ಜಿರಲೆ, ಇಲಿಯ ಹಿಕ್ಕೆ, ಕೊಳೆ. ಯಾವ ವಿಭಾಗದವರು ಯಾರ ಜೊತೆ ಮಲಗುತ್ತಾರೆ, ಎಷ್ಟು ಜನ ಒಂದು ಮೆಸ್‌ನಲ್ಲಿ ಉಣ್ಣುತ್ತಾರೆ, ಒಬ್ಬರನ್ನು ಬೇರೆ ಇರಿಸಬೇಕಾದರೆ ಕೋಣೆ ಯಾವುದು ಎಂಬ ಪ್ರಶ್ನೆಗೆ ಅಲ್ಲಿ ಅಂಕಣವಿಲ್ಲ.

ಚಳಿಗಾಲದಲ್ಲಿ ಪ್ರವಾಸಿ ಹಡಗುಗಳು ಬರುವ ಪಣಂಬೂರಿನ ನವಮಂಗಳೂರು ಬಂದರಿನಂಥ ಕಡೆ ಈ ಪ್ರಶ್ನೆಗಳನ್ನು ಪಟ್ಟಿಯ ಹೊರಗಿಟ್ಟೇ ಕೇಳಬಹುದು, ಅದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಹಡಗನ್ನು ಧಕ್ಕೆಗೆ ಕಟ್ಟುವ ಮೊದಲೇ ಏಜೆಂಟರ ಮೂಲಕ ತರಿಸಿಕೊಳ್ಳಬೇಕಾದ ವಿವರಗಳು ಇವು: ಟ್ಯಾಂಕಿನಲ್ಲಿ ಎಷ್ಟು ಟನ್ ಸಿಹಿನೀರಿದೆ, ದಿನದ ಬಳಕೆ ಎಷ್ಟು, ಮಲಜಲ ಮತ್ತು ಬೂದುನೀರಿನ ಟ್ಯಾಂಕು ಎಷ್ಟು ದಿನಕ್ಕೆ ತುಂಬುತ್ತದೆ, ವೈದ್ಯಕೀಯ ದಿನಚರಿಯಲ್ಲಿ ಕಳೆದ 14 ದಿನದ ಜ್ವರ ಮತ್ತು ಭೇದಿ ಪ್ರಕರಣಗಳು ಎಷ್ಟು, ಅವುಗಳಲ್ಲಿ ಗ್ಯಾಲಿಯವರು ಎಷ್ಟು. ಕೊನೆಯ ಸಂಖ್ಯೆ ಒಂದಕ್ಕಿಂತ ಹೆಚ್ಚಿದ್ದರೆ ತಪಾಸಣೆಯನ್ನು ಗ್ಯಾಂಗ್‌ವೇಯಲ್ಲಿ ಅಲ್ಲ, ಸಿಬ್ಬಂದಿ ಮೆಸ್‌ನಿಂದ ಶುರುಮಾಡಬೇಕು.

ಕ್ಯಾಪ್ಟನ್ ಗೆನ್ನಾರೊ ಆರ್ಮಾ ಮಾರ್ಚ್ 1ರಂದು ಕೊನೆಯವರಾಗಿ ಇಳಿದರು. ಹಡಗು ಯೊಕೊಹಾಮಾ ಬಿಟ್ಟದ್ದು ಮೇ ತಿಂಗಳಲ್ಲಿ. ಹೀಗೆ ತಿಂಗಳುಗಟ್ಟಲೆ ಖಾಲಿ ಬಿದ್ದ ಯಾವುದೇ ಹಡಗಿನಲ್ಲಿ ಮುಂದಿನ ಅಪಾಯ ಕೊಳವೆಯೊಳಗೆ ಕುಳಿತಿರುತ್ತದೆ. 25ರಿಂದ 50 ಡಿಗ್ರಿಯ ನಡುವೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯ ಬೆಳೆಯುತ್ತದೆ, ಷವರ್ ತಿರುಗಿಸಿದಾಗ ಹನಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಖಾಲಿ ಕ್ಯಾಬಿನ್‌ನ ಪ್ರತಿ ನಲ್ಲಿ, ಪ್ರತಿ ಷವರನ್ನೂ ವಾರಕ್ಕೊಮ್ಮೆ ಹನಿ ಹಾರದಂತೆ ತೆರೆದು ಹರಿಯಬಿಡಬೇಕು. ಬಿಸಿನೀರನ್ನು ಹೀಟರ್‌ನಲ್ಲಿ 60 ಡಿಗ್ರಿಯಲ್ಲಿಟ್ಟು ನಲ್ಲಿಯಲ್ಲಿ 50ಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು. ಜನರನ್ನು ಮತ್ತೆ ಹತ್ತಿಸುವ ಮೊದಲು ಟ್ಯಾಂಕು, ಕೊಳವೆಗಳನ್ನು 50 ಪಿಪಿಎಂ ಕ್ಲೋರಿನ್‌ನಲ್ಲಿ ನಾಲ್ಕು ಗಂಟೆ ಇಟ್ಟು ತೊಳೆದು, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. 100 ಟನ್ನಿಗೆ ಶೇ. 10ರ ಹೈಪೋಕ್ಲೋರೈಟ್ 50 ಲೀಟರ್ ಬೇಕಾಗುತ್ತದೆ. ಆ ಕ್ಲೋರಿನ್ ನೀರನ್ನು ಬಂದರಿನೊಳಗೆ ಬಿಡುವಂತಿಲ್ಲ, ಅದಕ್ಕೆ ಮತ್ತೆ ಹೊರಸಮುದ್ರಕ್ಕೇ ಹೋಗಬೇಕು.